ಬ್ಯಾಂಕಿನ ಕೈ

ಶುಮ್ ಸಾಹೇಬರು ಅವಳನ್ನು ಮತಗಟ್ಟೆಯ ತನಕ ತಮ್ಮ ಕಾರಿನಲ್ಲೇ ಕರೆತಂದರು. ಅವರು ನಡೆಸುವ ಬ್ಯಾಂಕಿನಲ್ಲಿ ಅಷ್ಟು ವರ್ಷ ಅವರ ಕಾರ್ಯದರ್ಶಿಯಾಗಿ ದುಡಿದರೂ ಸುಕ್-ಹಾನ್ ಆ ಕಾರು ಹತ್ತಿದ್ದು ಇದೇ ಮೊದಲು.

"ಒಂದನೇ ನಂಬರು, ಲಾಯ್ ಹೆಸರು. ಮರೆಯಲ್ಲ ತಾನೆ?"

"ಇಲ್ಲ ಸರ್."

"ನಿನ್ನನ್ನ ಯಾಕೆ ಆರಿಸಿದೆ ಗೊತ್ತಾ? ನಮ್ಮ ಮ್ಯಾನೇಜರುಗಳಿಗೆಲ್ಲ ತಲೆ ಇದೆ. ನನಗೆ ಬೇಕಾಗಿದ್ದು ಬರೀ ಕೈ." ತಮ್ಮ ಮಾತಿಗೆ ತಾವೇ ನಕ್ಕರು. "ವೋಟು ಬ್ಯಾಂಕಿಂದು. ಕೈ ತಪ್ಪಿದ್ರೆ, ಆ ಕೈಗೆ ನಾಳೆಯಿಂದ ಕೆಲಸ ಇರಲ್ಲ."

ಹಾಂಕಾಂಗಿನ ಶಾಸನ ಸಭೆಯಲ್ಲಿ ಬ್ಯಾಂಕುಗಳಿಗೆಂದೇ ಒಂದು ಸ್ಥಾನವಿತ್ತು. ಅದಕ್ಕೆ ಮತದಾರರು ಬ್ಯಾಂಕುಗಳೇ. ಎಲ್ಲ ಸೇರಿ ನೂರಕ್ಕೆ ತುಸು ಹೆಚ್ಚು. ಪ್ರತಿ ಬ್ಯಾಂಕೂ ತನ್ನ ಪರವಾಗಿ ಮುದ್ರೆ ಒತ್ತಲು ಒಬ್ಬರನ್ನು ನೇಮಿಸುತ್ತಿತ್ತು. ಹಿಂದಿನ ಚುನಾವಣೆಗಳಲ್ಲಿ ಲಾಯ್ ಎದುರಾಳಿಯೇ ಇಲ್ಲದೆ ಗೆದ್ದು, ಇದೂ ಒಂದು ಚುನಾವಣೆಯೇ ಎಂದು ಪತ್ರಿಕೆಗಳ ಬಾಯಿಗೆ ಬಿದ್ದಿದ್ದರು. ಈ ಸಲ ಮೋಕ್ ಎಂಬವರು ಎದುರು ನಿಂತಿದ್ದರು.

ಮೋಕ್ ಇನ್ನೊಂದು ಬ್ಯಾಂಕಿನ ನಿರ್ದೇಶಕರು. ಹಿಂದಿನ ವಾರ ಶುಮ್ ಸಾಹೇಬರನ್ನು ಕಂಡು ಹೊರಬಂದವರು ಸುಕ್-ಹಾನ್ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಸಾಹೇಬರು ಕೋಣೆಯಿಂದ ನೋಡಿದರು; ಅತಿಥಿಗೆ ಇನ್ನೊಂದು ಲೋಟ ಟೀ ಕಳಿಸಿದರು.

"ಹಾನ್ ಅಕ್ಕ, ನಿಮಗೇನು ಬೇಕು?" ಎಂದರು ಮೋಕ್. "ಬ್ಯಾಂಕಿಗಲ್ಲ, ನಿಮಗೆ."

ಸಾಹೇಬರ ಟೀ, ಅವರ ಬಂಧುಗಳ ಸಾವಿಗೆ ಕಳಿಸುವ ಹೂಚಕ್ರ, ಅವರ ಹೆಂಡತಿಯ ಹುಟ್ಟುಹಬ್ಬದ ಉಡುಗೊರೆ, ಎಲ್ಲವನ್ನೂ ಆರಿಸಿದವಳು ಅವಳು. ತನಗಾಗಿ ಏನನ್ನಾದರೂ ಆರಿಸಿದ್ದು ನೆನಪಿರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಗೆಳತಿ ಕಿಟ್-ಯಿಂಗ್ ಹೆಸರು. ಇಬ್ಬರೂ ಒಂದೇ ಕೌಂಟರಿನಲ್ಲಿ ಕೆಲಸ ಶುರುಮಾಡಿದವರು. ಕಿಟ್-ಯಿಂಗ್ ಇನ್ನೂ ನಾರ್ತ್ ಪಾಯಿಂಟಿನ ಶಾಖೆಯಲ್ಲೇ ಇದ್ದಳು. ಆ ಶಾಖೆಯನ್ನೂ ಅಂಥ ಇನ್ನಷ್ಟನ್ನೂ ಚುನಾವಣೆ ಮುಗಿದೊಡನೆ ಸಾಹೇಬರು ಮುಚ್ಚುವವರಿದ್ದರು. ಕೌಂಟರಿನ ಹೆಂಗಸರೆಲ್ಲ ಬೀದಿಗೆ.

"ಶಾಸನ ಸಭೆಯಲ್ಲಿ ಒಂದು ಸಲ ಯಾರಾದ್ರೂ ಆ ಹೆಂಗಸರ ಹೆಸರೆತ್ತಿದ್ರೆ ಸಾಕು," ಎಂದಳು.

"ಎತ್ತೋಣ." ಮೋಕ್ ಟೀ ಗುಟುಕರಿಸಿದರು. "ನನ್ನ ನಾಮಪತ್ರಕ್ಕೆ ಹತ್ತು ಬ್ಯಾಂಕು ಸಹಿ ಹಾಕಿವೆ. ನಮ್ಮ ಬ್ಯಾಂಕಿನ ವೋಟು ಹಾಕೋನೂ ನಾನೇ. ಗೆಲ್ಲೋದು ದೊಡ್ಡದಲ್ಲ, ಹಾನ್ ಅಕ್ಕ. ಯಾರು ಯಾವ ಕಡೆ ಅಂತ ಒಮ್ಮೆ ಗೊತ್ತಾಗ್ಬೇಕು, ಅಷ್ಟೆ."

"ನಮ್ಮದು ಬ್ಯಾಂಕಿನ ವೋಟು ಸರ್, ನನ್ನದಲ್ಲ."

"ಪರದೆ ಹಿಂದೆ ಬ್ಯಾಂಕು ಬರಲ್ಲ."

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಕಿಟ್-ಯಿಂಗಳಿಗೆ ಫೋನು ಮಾಡಿದಳು. ಶಾಖೆ ಮುಚ್ಚುವ ಮಾತನ್ನು ಬಿಟ್ಟು ಕಾಲುನೋವು ಹೇಗಿದೆ ಎಂದು ಕೇಳಿದಳು.

"ಕೂತ್ಕೊಂಡೇ ಕೆಲಸ ಮಾಡೋ ಮಹಾರಾಣಿಗೆ ನಮ್ಮ ಕಾಲಿನ ಚಿಂತೆ ಯಾಕೆ," ಎಂದು ಅವಳು ನಕ್ಕಳು. ನಗು ಎಂದಿನ ಹಾಗಿರಲಿಲ್ಲ.

ಈಗ ಪರದೆಯ ಹಿಂದೆ ಸುಕ್-ಹಾನ್ ಒಬ್ಬಳೇ. ಕೈಯಲ್ಲಿ ಮುದ್ರೆ, ಮುಂದೆ ಎರಡು ಹೆಸರು. ಹೊರಗೆ ಸಾಹೇಬರು ಕಾಯುತ್ತಿದ್ದರು. ಹತ್ತು ಬ್ಯಾಂಕುಗಳಿವೆ, ಮೋಕ್ ಅವರದೂ ಇದೆ ಎಂದುಕೊಂಡಳು. ಅಷ್ಟು ಜನರ ನಡುವೆ ತನ್ನ ಕೈ ಯಾರಿಗೂ ಕಾಣುವುದಿಲ್ಲ. ಎರಡನೇ ಹೆಸರಿನ ಮೇಲೆ ಮುದ್ರೆ ಒತ್ತಿದಳು. ಎದೆ ಹಗುರಾಯಿತು, ಹೆದರಿಕೆ ಹಾಗೇ ಉಳಿಯಿತು.

"ಆಯ್ತಾ?" ಎಂದರು ಸಾಹೇಬರು.

"ಆಯ್ತು ಸರ್."

ಮರುದಿನ ಬೆಳಿಗ್ಗೆ ಎಣಿಕೆಯ ಸಭಾಂಗಣದಲ್ಲಿ ಅವಳು ಸಾಹೇಬರ ಕೋಟು ಹಿಡಿದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹನ್ನೆರಡು ಮತ ಬರಬಹುದು, ಗೆಲ್ಲದಿದ್ದರೂ ಅಷ್ಟು ಜನರ ಬೆನ್ನಿದ್ದರೆ ಮೋಕ್ ಮಾತಿಗೆ ತೂಕವಿರುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಅಧಿಕಾರಿ ಮೈಕಿನ ಮುಂದೆ ನಿಂತು ಲಾಯ್ ಗೆದ್ದರೆಂದು ಸಾರಿದರು.

ಮೋಕ್‌ಗೆ ಬಂದದ್ದು ಒಂದು ಮತ.

ಚಪ್ಪಾಳೆಯ ನಡುವೆ ಶುಮ್ ಸಾಹೇಬರು ಮೋಕ್ ಹೆಗಲು ತಟ್ಟಿದರು. "ಪರವಾಗಿಲ್ಲಯ್ಯ, ಪತ್ರಿಕೆಯವರ ಬಾಯಿ ಮುಚ್ಚಿತು. ಆದ್ರೂ ನಿನ್ನ ವೋಟು ನೀನೇ ಹಾಕ್ಕೊಂಡುಬಿಟ್ಯಲ್ಲ, ಆಸೆಬುರುಕ."

"ನಾನಾ? ನಾವು ಮೊದಲೇ ಮಾತಾಡಿಕೊಂಡ ಹಾಗೆ ನಾನೂ ಲಾಯ್‌ಗೇ ಹಾಕಿದ್ದು," ಎಂದ ಮೋಕ್, ಮೆಲ್ಲನೆ ಹಿಂದಿನ ಸಾಲಿನತ್ತ ತಿರುಗಿದರು.