ಕಾಫಿ ಗುಡ್ಡೆಯೊಳಗಿನ ಬಂಡಾಯ

ಬಿಸಿಲಿಗೆ ಹರಡಿದ ಕಾಫಿಯ ಹುಳಿಗಂಪು ಮೂಗಿಗೆ ಬಡಿದರೆ ಈಗಲೂ ನನಗೆ ಅಂತರಿಕ್ಷ ನೌಕೆಗಳು ನೆನಪಾಗುತ್ತವೆ.

ಆಗ ನನಗೆ ಒಂಬತ್ತು. ಅಪ್ಪನ ತಂಗಿ, ನನ್ನ ಅತ್ತೆ, ಮೂಡಿಗೆರೆಯಿಂದ ತಂದ ದಪ್ಪ ಕಾದಂಬರಿಯೊಂದನ್ನು ಕಾಫಿ ಕಣದ ಅಂಚಿನಲ್ಲಿ ಕೂತು ನನಗೆ ಓದಿ ಹೇಳುತ್ತಿದ್ದಳು. ಚಕ್ರವರ್ತಿಯ ಮಗಳು ಬಂಡುಕೋರ ಪೈಲಟ್‌ನನ್ನು ಪ್ರೀತಿಸಿ, ಅಪ್ಪನ ಮೇಲೇ ಯುದ್ಧಕ್ಕೆ ಹೊರಟಿದ್ದಳು. ಪೈಲಟ್‌ನ ನೌಕೆಗೆ ಬೆಂಕಿ ಬಿದ್ದ ಹೊತ್ತಿಗೆ ಸರಿಯಾಗಿ, ಅತ್ತೆಯನ್ನು ನೋಡಲು ಬರುವವರ ಜೀಪು ಗೇಟಿನ ಹತ್ತಿರ ಕಾಣಿಸಿತು.

"ಬಂದೋರ ಮುಂದೆ ನಿನ್ನ ಕತೆಪುಸ್ತಕದ ಸುದ್ದಿ ಎತ್ತಬೇಡ," ಅಂತ ಅಜ್ಜ ಬೆಳಿಗ್ಗೆಯೇ ಅತ್ತೆಗೆ ಹೇಳಿದ್ದರು.

"ಸುದ್ದಿ ಹಾಗಿರಲಿ, ನಾನು ಬಾಯೇ ಬಿಡಲ್ಲ, ನೋಡ್ತಿರು," ಎಂದು ನನ್ನ ಕಿವಿಯಲ್ಲಿ ಹೇಳಿ, ಅತ್ತೆ ಪುಸ್ತಕವನ್ನು ಕಾಫಿ ಗುಡ್ಡೆಯೊಳಗೆ ತುರುಕಿ ಅಡಿಗೆಮನೆಗೆ ಓಡಿದಳು.

ನಮ್ಮ ಕಡೆ ಹೆಣ್ಣು ನೋಡಲು ಬಂದವರೂ ಮೊದಲು ನೋಡುವುದು ಕಾಫಿಯನ್ನೇ. ಒಣಗಿದೆಯೋ ಇಲ್ಲವೋ ಎಂದು ಒಂದು ಬೀಜ ಕಚ್ಚಿ ನೋಡಲು ಗಂಡು ಗುಡ್ಡೆಗೆ ಕೈ ಹಾಕಿದ. ಕೈಗೆ ಬಂದದ್ದು ಕಾದಂಬರಿ.

"ಅದು ಮಗೂದು ಮಾರಾಯ್ರೆ," ಎಂದು ಅಜ್ಜ ನನ್ನನ್ನು ಮುಂದೆ ತಳ್ಳಿದರು.

ಅವನು ಹೊಟ್ಟು ಕೊಡವಿ, ಮಡಚಿಟ್ಟಿದ್ದ ಪುಟ ತೆರೆದು ನಕ್ಕ. "ಓ, ನೌಕೆಗೆ ಬೆಂಕಿ ಬಿದ್ದಲ್ಲಿಗೆ ಬಂದಿದೀಯಾ? ಮುಂದೇನಾಗತ್ತೆ ಗೊತ್ತಾ? ಆ ಪೈಲಟ್..."

"ಅಯ್ಯೋ, ಹೇಳ್ಬೇಡಿ!"

ಅಡಿಗೆಮನೆ ಕಿಟಕಿಯಿಂದ ಬಂದ ಆ ಕೂಗಿಗೆ ಅಜ್ಜ ಕಣ್ಣು ಮುಚ್ಚಿಕೊಂಡರು. ನನ್ನ ಮಾವನ ಜೊತೆ ಅತ್ತೆ ಆಡಿದ ಮೊದಲ ಮಾತು ಅದು.