ಆಚೆ ಬದಿಯ ಇಳಿಜಾರು

ಗುಡ್ಡದ ನೆತ್ತಿ ತಲುಪಿದ ಮಗಳು ಸೈಕಲ್ಲಿನಿಂದ ಒಂದು ಕಾಲು ಕೆಳಗೂರಿ ನಿಂತುಬಿಟ್ಟಳು. ಬೆನ್ನಿಗೇ ಬರುತ್ತಿದ್ದ ಕಾರೂ ನಿಂತಿತು. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿದ.

"ಯಾಕೆ ಪುಟ್ಟಿ, ನಿಂತೆ?"

"ಇಳಿಯೋದು ಬೇಡ ಅಪ್ಪಾ. ಮಂಜು ಬರ್ತಾ ಇದೆ. ಸೈಕಲ್ ಕಟ್ಕೊಂಡು ಕಾರಲ್ಲೇ ಹೋಗೋಣ."

ಕಣಿವೆಯಿಂದ ಮಂಜು ಮೇಲೇಳುತ್ತಿದ್ದುದು ನಿಜ. ಅಪ್ಪ ಅದನ್ನು ನೋಡಿದ, ಆಮೇಲೆ ಮಗಳ ಮುಖ ನೋಡಿದ. ಹೋದ ತಿಂಗಳು ಬಿದ್ದು ಮೊಣಕೈ ತರಚಿಕೊಂಡಾಗಿನಿಂದ ಇಳಿಜಾರು ಅಂದರೆ ಸಾಕು, ಇವಳ ಬೆರಳು ಬ್ರೇಕು ಬಿಟ್ಟು ಕದಲುತ್ತಿರಲಿಲ್ಲ. ರಜೆ ಮುಗಿಸಿ ಊರು ಸೇರಿದ ಮರುವಾರವೇ ಸೈಕಲ್ ಸ್ಪರ್ಧೆ. ಔಷಧಿ ಅಂಗಡಿಗೆ ಬೀಗ ಜಡಿದು ಸಂಸಾರ ಸಮೇತ ಹೊರಟವನು ಸೈಕಲ್ಲನ್ನೂ ಕಾರಿನ ತಲೆಯ ಮೇಲೆ ಕಟ್ಟಿಕೊಂಡೇ ಬಂದಿದ್ದ. "ರಜಕ್ಕೆ ಹೊರಟಿರೋದು ನಾವೋ, ಈ ಸೈಕಲ್ಲೋ?" ಎಂದು ಹೆಂಡತಿ ದಾರಿಯುದ್ದಕ್ಕೂ ಚುಚ್ಚಿದ್ದಳು. ಆಕೆ ಈಗ ವಸತಿಗೃಹದಲ್ಲಿ ಕಂಬಳಿಯೊಳಗೆ ಮುದುಡಿ ಮಲಗಿದ್ದಳು.

"ಭಯ ಹೋಗ್ಬೇಕು ಅಂದ್ರೆ ಇಳೀಲೇಬೇಕು," ಎಂದ ಅಪ್ಪ. "ನಾನು ಹಿಂದೇನೇ ಇರ್ತೀನಲ್ಲ. ಮಂಜು ಬಂದ್ರೆ ಹಾರ್ನ್ ಒತ್ತುತಾನೇ ಇರ್ತೀನಿ. ಹೂಂ, ಹೊರಡು."

ಮಗಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಆಚೆ ಬದಿಯ ಇಳಿಜಾರಿಗೆ ಸೈಕಲ್ ತಿರುಗಿಸಿದಳು.

ಮೊದಲೆರಡು ತಿರುವುಗಳು ಸಲೀಸಾಗಿ ಕಳೆದವು. "ಮೈ ಬಗ್ಗಿಸು! ಬ್ರೇಕ್ ಬಿಡು!" ಎಂದು ಅಪ್ಪ ಕೂಗಿದಂತೆಲ್ಲ ಮಗಳ ಬೆನ್ನು ಬಾಗಿತು, ವೇಗ ಏರಿತು. ಅವನ ಎದೆಯೂ ಉಬ್ಬಿತು. ಇನ್ನೊಂದು ತಿರುವು ದಾಟಿದ್ದೇ ತಡ, ಮಂಜು ಅವಳನ್ನು ನುಂಗಿತು. ಮೊದಲು ಹಳದಿ ಅಂಗಿ ಹೋಯಿತು, ಆಮೇಲೆ ಸೈಕಲ್ಲಿನ ಹಿಂದೆ ಮಿನುಗುತ್ತಿದ್ದ ಕೆಂಪು ದೀಪ.

ಒಳಗೆ ನುಗ್ಗುತ್ತಿದ್ದ ಥಂಡಿಗೆ ಮುಂದಿನ ಗಾಜು ಮಸುಕಾಗತೊಡಗಿತು. ಕಿಟಕಿ ಮುಚ್ಚಿ, ಅಂಗೈಯನ್ನು ಹಾರ್ನಿನ ಮೇಲೆ ಊರಿದ. ಕಾರಿನ ಮೂತಿಯಿಂದಾಚೆ ಏನೂ ಕಾಣುತ್ತಿರಲಿಲ್ಲ. ನಿಂತರೆ ಮಗಳು ಒಬ್ಬಳೇ ಆಗುತ್ತಾಳೆ. ಜೋರಾಗಿ ಹೋದರೆ? ಅವಳೇನಾದರೂ ನಡುರಸ್ತೆಯಲ್ಲಿ ಬಿದ್ದಿದ್ದರೆ? ಆ ಯೋಚನೆ ಬಂದದ್ದೇ ಹಾರ್ನನ್ನು ಇನ್ನಷ್ಟು ಒತ್ತಿ ಹಿಡಿದ. ಆ ಸದ್ದೊಂದೇ ತನ್ನನ್ನೂ ಅವಳನ್ನೂ ಕಟ್ಟಿಹಾಕಿರುವ ಹಗ್ಗ ಎಂಬಂತೆ.

ಚಕ್ರದಡಿ ಏನೋ ಲಟಕ್ಕನೆ ಮುರಿಯಿತು.

ಬ್ರೇಕಿನ ಮೇಲೆ ಎದ್ದು ನಿಂತಂತೆ ತುಳಿದ. ಕಾರು ಒಂದಿಷ್ಟು ದೂರ ಕರಕರ ಎಳೆದುಕೊಂಡು ಹೋಗಿ ನಿಂತಿತು. ಬಾಗಿಲು ತೆರೆದು ಹೇಗೋ ಇಳಿದು ಮಂಡಿಯೂರಿದ. ಮುಂದಿನ ಚಕ್ರದಡಿ ಸೈಕಲ್ ನಜ್ಜುಗುಜ್ಜಾಗಿ ಸಿಕ್ಕಿಕೊಂಡಿತ್ತು. ಅದರಾಚೆ ಕತ್ತಲೆ. ಏನು ಸಿಗಬಾರದೋ ಅದನ್ನೇ ಹುಡುಕುತ್ತ ಕಾರಿನಡಿ ತಡಕಾಡಿದ. ಕೈಗೆ ಒದ್ದೆ ಡಾಂಬರು ಬಿಟ್ಟು ಬೇರೇನೂ ತಾಕಲಿಲ್ಲ.

"ಪುಟ್ಟೀ!"

"ಇಲ್ಲಿದ್ದೀನಿ ಅಪ್ಪಾ! ಮುಂದೆ ಹೋಗ್ಬೇಡಿ. ಗುಡ್ಡದ ಕಡೆಯಿಂದ ಬನ್ನಿ, ಈ ಕಡೆಯಿಂದ!"

ಗುಡ್ಡದ ಬಂಡೆಗೆ ಬೆನ್ನು ಒತ್ತಿಕೊಂಡು ಅವಳು ನಿಂತಿದ್ದಳು. ಅವನು ಹೋಗಿ ತಬ್ಬಿಕೊಂಡಾಗ ಮಾತಾಡದೆ ಬೆರಳು ತೋರಿದಳು. ಕಾರಿನ ಮುಂದೆ ನಾಲ್ಕು ಹೆಜ್ಜೆ ಡಾಂಬರಿತ್ತು. ಅಲ್ಲಿಂದಾಚೆ ರಸ್ತೆಯೇ ಇರಲಿಲ್ಲ. ಕುಸಿದ ಅಂಚಿನಿಂದ ಜಲ್ಲಿಕಲ್ಲುಗಳು ಒಂದೊಂದಾಗಿ ಉದುರುತ್ತಿದ್ದವು. ಅವು ತಳ ಮುಟ್ಟಿದ ಸದ್ದು ಕೇಳಲಿಲ್ಲ.

"ಮಂಜಲ್ಲಿ ಬ್ರೇಕ್ ಹಿಡ್ಕೊಂಡೇ ಇಳಿದೆ ಅಪ್ಪಾ, ನೀವು ಬೈತೀರ ಅಂತ ಗೊತ್ತಿದ್ರೂ," ಎಂದಳು, ಹಲ್ಲು ಕಟಕಟಿಸುತ್ತ. "ಅದಕ್ಕೇ ನಿಲ್ಲೋಕಾಯ್ತು. ಆಮೇಲೆ ನಿಮ್ಮನ್ನ ಕೂಗಿದೆ. ಗಂಟಲು ಹರಿಯೋ ಹಾಗೆ ಕೂಗಿದೆ. ಹಾರ್ನ್ ಸದ್ದಲ್ಲಿ ನಿಮಗೆ ಕೇಳಿಸ್ಲೇ ಇಲ್ಲ. ಕಾರು ಬಂದೇಬಿಡ್ತು. ಏನು ಮಾಡೋದು ಅಂತ ತೋಚದೆ ಸೈಕಲ್ ಅಡ್ಡ ಎಸೆದು ಈಚೆ ಹಾರಿದೆ."

ಅಪ್ಪ ಅಲ್ಲೇ ಕುಸಿದು ಕೂತು ಚಿಕ್ಕ ಮಕ್ಕಳಂತೆ ಅತ್ತ.

ಮೈಯೆಲ್ಲ ಕಣ್ಣಾಗಿ ಕಾರನ್ನು ಹಿಂದಕ್ಕೆ ತಂದು, ಗುಡ್ಡಕ್ಕೆ ಒತ್ತಿ ನಿಲ್ಲಿಸಿದ. ಮಂಜು ಹರಿಯುವವರೆಗೆ ಇಬ್ಬರೂ ಒಳಗೇ ಕೂತರು. ಮಗಳ ತಣ್ಣನೆಯ ಕೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ಉಜ್ಜಿದ. ನಡುಕ ಮೆಲ್ಲಮೆಲ್ಲಗೆ ತಗ್ಗಿತು.

"ಸೈಕಲ್ ಪೂರ್ತಿ ಹೋಯ್ತಲ್ವಾ ಅಪ್ಪಾ?"

"ಹೋದ್ರೆ ಹೋಗ್ಲಿ ಬಿಡು. ನೀನು ಉಳಿದ್ಯಲ್ಲ ಕಂದಾ, ನಂಗಷ್ಟೇ ಸಾಕು."

ಅವಳು ಸೀಟಿಗೆ ತಲೆ ಆನಿಸಿದಳು. ಊರು ಬಿಟ್ಟ ಮೇಲೆ ಮೊದಲ ಸಲ ಅವಳ ಮುಖ ಸಡಿಲಗೊಂಡು, ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಮೂಡಿತು. ಅದನ್ನು ಕಂಡು ಅಪ್ಪನಿಗೂ ಜೀವ ಬಂದಂತಾಯಿತು.

"ಬೇಜಾರು ಮಾಡ್ಕೋಬೇಡ. ಇವತ್ತೇ ಪೇಟೆಗೆ ಹೋಗಿ ಇದಕ್ಕಿಂತ ಒಳ್ಳೇದು ತಗೊಳ್ಳೋಣ. ಸ್ಪರ್ಧೆಗೆ ಇನ್ನೂ ಟೈಮಿದೆ."

ಅವನ ಅಂಗೈಗಳ ನಡುವೆ ಆ ಕೈ ಮತ್ತೆ ನಡುಗತೊಡಗಿತು.

"ಚಳೀನಾ ಪುಟ್ಟಿ?"

ಮಗಳು ಅವನತ್ತ ತಿರುಗದೆ, ಹೌದೆಂದು ತಲೆಯಾಡಿಸಿದಳು.