ಅಜ್ಜಿ ಬೈಕು ಹತ್ತಿದ ಮಧ್ಯಾಹ್ನ

ತಿಂಗಳುಗಟ್ಟಲೆ ನಿಂತ ಗಾಡಿಯ ಹಳೇ ಪೆಟ್ರೋಲಿನ ವಾಸನೆ ಬಡಿದರೆ ಈಗಲೂ ನನಗೆ ನ್ಯಾಮತಿಯ ನಮ್ಮ ಪಡಸಾಲೆ ನೆನಪಾಗುತ್ತದೆ.

ಒಂದು ಚಳಿಗಾಲ ಹೊನ್ನಾಳಿಯಿಂದ ಬರುವಾಗ ದಟ್ಟ ಮಂಜಿನಲ್ಲಿ ಅಪ್ಪನ ಬೈಕು ದಾರಿಯಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ಗುದ್ದಿತ್ತು. ಹಿಂದೆ ಕೂತಿದ್ದ ಚಿಕ್ಕಪ್ಪ ಉಳಿಯಲಿಲ್ಲ. ರಿಪೇರಿಯಾಗಿ ಬಂದ ಬೈಕನ್ನು ಅಪ್ಪ ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿ, ಮೇಲೆ ಕಂಬಳಿ ಹೊದಿಸಿಬಿಟ್ಟರು. ಅಂಗಡಿಗೆ ನಡೆದೇ ಹೋಗುತ್ತಿದ್ದರು. ಅಜ್ಜಿಯ ಎದುರು ತಲೆ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ ತಾನೇ ಆ ಒರಟು ಕಂಬಳಿ ಎಳೆದಳು. ಎದ್ದ ಧೂಳಿಗೆ ನಾನು ಸೀನಿದೆ.

"ಗಾಡಿ ಹೊರಗೆ ತಗಿ. ನನ್ನ ಬಸ್‌ಸ್ಟ್ಯಾಂಡ್ ತನಕ ಬಿಡು."

"ಆಟೋ ಕರೀತೀನವ್ವ," ಅಂದರು ಅಪ್ಪ.

"ಆಟೋ ಬ್ಯಾಡ. ನೀನು ಬಿಡು."

"ನನ್ನ ಕೈಲಿ ಆಗಲ್ಲವ್ವ. ಒಬ್ಬ ಮಗನ್ನ ಕಳಕೊಂಡಿದ್ದು ಸಾಲದಾ ನಿಂಗೆ?"

"ಅದಕ್ಕೇ ಹೇಳ್ತಿರೋದು. ಇನ್ನೊಬ್ಬನ್ನ ಕಳಕಳ್ಳಾಕೆ ನನ್ನ ಕೈಲೂ ಆಗಲ್ಲ."

ಅಪ್ಪ ಬೈಕನ್ನು ಬೀದಿಗೆ ಇಳಿಸಿದರು. ಹಲವು ಸಲ ಒದ್ದ ಮೇಲೆ ಇಂಜಿನ್ ಹೊಗೆ ಉಗುಳುತ್ತ ಚಾಲೂ ಆಯಿತು. ಅಜ್ಜಿ ಸೀರೆ ಸರಿಮಾಡಿಕೊಂಡು ಹಿಂದೆ ಕೂತು, ಮಗನ ಹೆಗಲು ಹಿಡಿದಳು. ಅವರು ಓಣಿಯ ತಿರುವು ದಾಟಿದ ಸ್ವಲ್ಪ ಹೊತ್ತಿಗೇ ಸದ್ದು ಥಟ್ಟನೆ ನಿಂತಿತು. ಒಳಗಿದ್ದ ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿ ಬಂದಳು.

ಆಮೇಲೆ ಅಪ್ಪ ಬೈಕು ತಳ್ಳಿಕೊಂಡು ಬರುವುದು ಕಂಡಿತು. ಅಂಗಿ ಬೆವರಿನಿಂದ ತೋಯ್ದಿತ್ತು. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಹ್ಯಾಂಡಲ್ ಮೇಲಿದ್ದವು. ಅಜ್ಜಿ ಮಾತ್ರ ಇಳಿದಿರಲಿಲ್ಲ. ಸೀಟಿನ ಮೇಲೇ ಕೂತು ಅವರ ಬೆನ್ನು ಸವರುತ್ತಿದ್ದಳು.

"ನಾಳೆ ಇನ್ನೊಂದೀಟು ದೂರ ಹೋಗಾನ," ಅನ್ನುತ್ತಿದ್ದಳು.